ವಿಜ್ಞಾನಕ್ಕಾಗಿ ನಶ್ಯ ಬಿಟ್ಟ ಮಾವ

ವಿಜ್ಞಾನಕ್ಕಾಗಿ ಪ್ರಾಣ ಬಿಟ್ಟವರ ಕತೆಗಳನ್ನು ನೀವೆಲ್ಲ ಶಾಲೆಯಲ್ಲೇ ಓದಿರುತ್ತೀರಿ. ನನ್ನ ಸೋದರಮಾವ ವಿಜ್ಞಾನಕ್ಕಾಗಿ ನಶ್ಯ ಬಿಟ್ಟರು! ಎರಡರಲ್ಲಿ ಯಾವುದು ದೊಡ್ಡ ತ್ಯಾಗ ಎಂದು ನನ್ನನ್ನು ಕೇಳಬೇಡಿ, ನಮ್ಮ ಅತ್ತೆಯನ್ನು ಕೇಳಿ. "ಪ್ರಾಣ ಬಿಡೋದು ಒಂದ್ಸಲದ ಕೆಲಸ ಕಣೆ. ಇವರು ನಶ್ಯ ಬಿಟ್ಟಾಗ ದಿನಾ ಸತ್ತೋಳು ನಾನು" ಎನ್ನುತ್ತಾರೆ.

ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಒಂದು ಗಲ್ಲಿಯಲ್ಲಿ ಮಾವನ ಮನೆ. ಕೆಳಗೆ ಇವರು, ಮಹಡಿಯ ಮೇಲೆ ಎರಡು ಬಾಡಿಗೆ ರೂಮು. ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ಮೀಸೆ ಚಿಗುರುವ ಮೊದಲೇ ಪೀಣ್ಯಕ್ಕೆ ಬಂದವರು ಮಾವ. ಲೇತ್ ಮಷಿನ್ನು, ಆಮೇಲೆ ಪ್ರೆಸ್ ಮಷಿನ್ನು ಎಂದು ಕಬ್ಬಿಣದ ಜೊತೆಗೇ ಬೆಳೆದು, ಕಬ್ಬಿಣದ ಜೊತೆಗೇ ಮುದುಕರಾಗಿ, ಕೆಲಸದಿಂದ ನಿವೃತ್ತರಾಗಿದ್ದರು. ಆದರೆ ಅವರ ಮೂಗಿಗೆ ಮಾತ್ರ ನಿವೃತ್ತಿ ಇರಲಿಲ್ಲ.

ಅವರು ನಶ್ಯ ಏರಿಸುವುದನ್ನು ನೀವು ನೋಡಬೇಕಿತ್ತು! ಡಬ್ಬಿಯ ಮುಚ್ಚಳಕ್ಕೆ ಉಗುರಿನಿಂದ ಟಕ್ ಟಕ್ ಎಂದು ತಟ್ಟುವರು. ಚಿಟಿಕೆ ಹಿಡಿದು, ಆಕಾಶದಲ್ಲಿ ಯಾರನ್ನೋ ಮಾತಾಡಿಸುವವರಂತೆ ಮುಖ ಮೇಲೆತ್ತುವರು. ಆಮೇಲೆ ಒಂದು ಗಳಿಗೆ ಇಡೀ ಮನೆ ಉಸಿರು ಬಿಗಿ ಹಿಡಿಯುತ್ತಿತ್ತು. ಆಮೇಲೆ ಸೀನು. ಸೀನು ಎಂದರೆ ನೀವು ನಾವು ಸೀನುವ ಸೀನಲ್ಲ ಸ್ವಾಮಿ! ಎದುರು ಮನೆಯ ನಾಯಿ ಗೇಟಿನ ಕೆಳಗೆ ನುಸುಳಿ ಒಳಗೆ ಓಡುತ್ತಿತ್ತು. ಬೆಳಗಿನ ಮೊದಲ ಸೀನಿಗೆ ಗಲ್ಲಿಯ ಜನ ಎದ್ದು, ಎರಡನೆಯದಕ್ಕೆ ಸ್ನಾನ ಮುಗಿಸಿ, ಮೂರನೆಯದಕ್ಕೆ ಕಂಪನಿ ಬಸ್ಸು ಹಿಡಿಯುತ್ತಿದ್ದರು.

ನಮ್ಮ ಚಿಕ್ಕಮ್ಮನ ಮಗಳ ಮದುವೆ ಮಾತುಕತೆಯಲ್ಲಿ ಆದದ್ದನ್ನು ನಮ್ಮ ನೆಂಟರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಗಂಡಿನ ತಂದೆ "ಅಂಗಾದ್ರೆ ನಮ್ಗೆ ಒಪ್ಪಿಗೆ" ಎಂದು ಬಾಯಿ ಮುಚ್ಚುವುದಕ್ಕೂ ಮಾವ ಸೀನುವುದಕ್ಕೂ ಸರಿಹೋಯಿತು. ಒಂಟಿ ಸೀನು! ಅಪಶಕುನ! ತಾಂಬೂಲದ ತಟ್ಟೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಇನ್ನೊಂದು ಸೀನಿದರೆ ದೋಷವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬೇಕೆಂದಾಗ ಸೀನು ಬರುತ್ತದೆಯೇ? ಇಪ್ಪತ್ತು ಜನ ಮಾವನ ಮೂಗನ್ನೇ ನೋಡುತ್ತ ಕೂತರು. ಕೊನೆಗೆ ಅತ್ತೆ ಒಳಗಿನಿಂದ ಓಡಿ ಬಂದು, ಮೂವತ್ತು ವರ್ಷ ಯಾವ ಡಬ್ಬಿಯನ್ನು ಶಪಿಸಿದ್ದರೋ ಅದನ್ನೇ ತಮ್ಮ ಕೈಯಾರೆ ತೆರೆದು ಗಂಡನ ಮುಂದೆ ಹಿಡಿದು, "ಏರಿಸ್ರೀ ಬೇಗ, ಹುಡುಗಿ ಬಾಳು!" ಎಂದರು. ಮಾವ ಏರಿಸಿದರು. ಸೀನಿದರು. ಮದುವೆ ಆಯಿತು. ಆ ದಂಪತಿಗಳು ಈಗಲೂ ಚೆನ್ನಾಗಿದ್ದಾರೆ.

ಇಂಥ ಮಾವನ ಮನೆಗೆ ನಾನು ಒಂದು ವರ್ಷ ಇರಲು ಬಂದೆ. ಮಹಡಿಯ ಒಂದು ರೂಮನ್ನು ನನಗೆ ಬಿಟ್ಟುಕೊಟ್ಟರು. ಪರಿಸರ ವಿಜ್ಞಾನದಲ್ಲಿ ಮೂರು ವರ್ಷದ ಡಿಗ್ರಿ ಮುಗಿದಿತ್ತು. ನನ್ನ ಜೊತೆಯವರೆಲ್ಲ ಸರ್ಟಿಫಿಕೇಟು ಹಿಡಿದುಕೊಂಡು ಕೆಲಸ, ಮದುವೆ, ಬಿ.ಎಡ್. ಎಂದು ಚದುರಿ ಹೋದರು. ನಾನೊಬ್ಬಳು ನಾಲ್ಕನೆಯ ವರ್ಷ ಆನರ್ಸ್ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದು ಕೂತೆ. ಅಷ್ಟು ದೊಡ್ಡ ತರಗತಿಯಲ್ಲಿ ನಾನು ಒಬ್ಬಳೇ ವಿದ್ಯಾರ್ಥಿನಿ! ಹಾಜರಿ ಕರೆಯುವಾಗ ನಮ್ಮ ಗೈಡ್ ಮೇಡಂಗೂ ನಗು, ನನಗೂ ನಗು. ಊರಲ್ಲಿ ಮಾತ್ರ ಯಾರೂ ನಗಲಿಲ್ಲ. "ಫೇಲ್ ಆಗಿದಾಳಂತೆ, ಅದ್ಕೇ ಇನ್ನೊಂದು ವರ್ಷ" ಎಂದು ಸುದ್ದಿಯಾಯಿತು. ಅಪ್ಪ ಒಂದೇ ಮಾತು ಹೇಳಿದ್ದರು. ಈ ವರ್ಷ ಮಧ್ಯದಲ್ಲಿ ಏನಾದರೂ ನಿಂತರೆ, ಮುಂದೆ ಓದಿನ ಮಾತು ಎತ್ತುವಂತಿಲ್ಲ.

ನನ್ನ ಸಂಶೋಧನೆಯ ವಿಷಯ, ಪೀಣ್ಯದ ವಸತಿ ಗಲ್ಲಿಗಳಲ್ಲಿ ಕಾರ್ಖಾನೆ ವಾಸನೆ. ಯಾವ ಹೊತ್ತಿಗೆ, ಯಾವ ಗಲ್ಲಿಗೆ, ಎಷ್ಟು ಜೋರಾಗಿ ಬರುತ್ತದೆ ಎಂದು ಗುರುತಿಸುವುದು. ಹೊಗೆ ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿತ್ತು. ವಾಸನೆ ಅಳೆಯುವ ಯಂತ್ರ? ಅದನ್ನು ದೇವರು ಮುಖದ ಮಧ್ಯದಲ್ಲೇ ಇಟ್ಟು ಕಳಿಸಿದ್ದಾನೆ ಎಂದರು ಮೇಡಂ. ಆದರೆ ಸಂಶೋಧಕಿಯ ಮೂಗು ನಡೆಯುವುದಿಲ್ಲ, ಹೊರಗಿನ ಮೂರು ಮೂಗಾದರೂ ಬೇಕು. ಬೀಡಿ, ಗುಟ್ಕ, ನಶ್ಯ ಮುಟ್ಟದ ಮೂಗುಗಳು. ಬೆಳಿಗ್ಗೆ ಸಂಜೆ ನನ್ನ ಜೊತೆ ಸುತ್ತಿ, ವಾಸನೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು.

ಇದನ್ನು ಕೇಳಿ ಮಾವ ಊಟದ ತಟ್ಟೆಯಿಂದ ತಲೆಯೆತ್ತಿದರು.

"ವಾಸನೆ ನೋಡಿದ್ರೆ ಡಿಗ್ರಿ ಕೊಡ್ತಾರಾ?"

"ಹೂಂ ಮಾವ."

"ಅಂಗಾದ್ರೆ ನಮ್ ಬೀದಿ ನಾಯಿಗಳೆಲ್ಲ ಪಿ.ಎಚ್.ಡಿ. ಆಗಿರ್ಬೇಕಿತ್ತಲ್ಲವ್ವ!"

ಪೀಣ್ಯದಲ್ಲಿ ಮೂರು ಒಳ್ಳೆಯ ಮೂಗು ಹುಡುಕುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಗಂಡಸರಲ್ಲಿ ಮುಕ್ಕಾಲು ಜನ ಏನಾದರೊಂದು ಸೇದುತ್ತಿದ್ದರು ಇಲ್ಲವೇ ಅಗಿಯುತ್ತಿದ್ದರು. ಉಳಿದವರು ಶಿಫ್ಟಿನಲ್ಲಿರುತ್ತಿದ್ದರು. ಅತ್ತೆಗೆ ಮಂಡಿ ನೋವು, ಗಲ್ಲಿ ಸುತ್ತಲಾರರು. ಅಂತೂ ಪಕ್ಕದ ಮನೆಯ ಟೈಲರ್ ಅಕ್ಕ ಒಪ್ಪಿದರು. ಮಹಡಿಯ ಇನ್ನೊಂದು ರೂಮಿನಲ್ಲಿದ್ದ ಹಾವೇರಿ ಕಡೆಯ ಬಸಣ್ಣ "ಮೂಗು ಅಷ್ಟ ಕೊಡ್ಬೇಕಲ್ರಿ ಅಕ್ಕಾರ, ರೊಕ್ಕ ಅಲ್ಲಲ್ಲ? ತಗೋರಿ" ಎಂದು ಒಪ್ಪಿದ. ಮೂರನೆಯ ಮೂಗು ಸಿಗಲೇ ಇಲ್ಲ. ಸಿಗದಿದ್ದರೆ ವಿಭಾಗದವರು ನನ್ನ ವಿಷಯವನ್ನು ಒಪ್ಪುತ್ತಿರಲಿಲ್ಲ. ವಿಷಯ ಹೋದರೆ ವರ್ಷ ಹೋಯಿತು. ವರ್ಷ ಹೋದರೆ ಅಪ್ಪನ ಮಾತು ಇದ್ದೇ ಇದೆಯಲ್ಲ!

ನಾನು ಮಂಕಾಗಿ ಕೂತಿದ್ದನ್ನು ನೋಡಿ ಮಾವ "ಮೂರ್ನೇದು ನಂದು" ಎಂದು ಎದೆ ತಟ್ಟಿಕೊಂಡರು. ಅತ್ತೆ ಅಡುಗೆ ಮನೆಯಲ್ಲಿ ಸೌಟು ಕೆಳಗೆ ಹಾಕಿದ ಸದ್ದು ಕೇಳಿಸಿತು.

ಬೇಡವೆಂದರೂ ಬಿಡದೆ ಮರುದಿನ ನನ್ನ ಜೊತೆ ಮೆಟ್ರೋ ಹತ್ತಿ ಕಾಲೇಜಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಡಬ್ಬಿ. ಮೇಡಂ ಮೂರು ಪುಟ್ಟ ಶೀಷೆಗಳನ್ನು ಮುಂದಿಟ್ಟರು. ಒಂದರಲ್ಲಿ ವಿನಿಗರ್, ಒಂದರಲ್ಲಿ ಲವಂಗದ ಎಣ್ಣೆ, ಒಂದರಲ್ಲಿ ಬರೀ ನೀರು. ಯಾವುದರಲ್ಲಿ ಏನಿದೆ ಎಂದು ಅವರಿಗೆ ಹೇಳಿರಲಿಲ್ಲ.

ಮಾವ ವಿನಿಗರ್ ಮೂಸಿದರು. "ಏನಿಲ್ಲ."

ಲವಂಗದ ಎಣ್ಣೆ ಮೂಸಿದರು. ನನಗೆ ಎರಡು ಮಾರು ದೂರದಲ್ಲೇ ಘಾಟು ಹೊಡೆಯುತ್ತಿತ್ತು. "ಏನಿಲ್ಲ."

ಮೂರರಲ್ಲಿ ಒಂದರಲ್ಲಾದರೂ ಏನೋ ಇರಲೇಬೇಕಲ್ಲ ಎಂದು ಲೆಕ್ಕ ಹಾಕಿರಬೇಕು. ನೀರಿನ ಶೀಷೆಗೆ ಮೂಗಿಟ್ಟವರೇ ಕಣ್ಣು ಮುಚ್ಚಿ, "ಆಹಾ! ಘಮ್ ಅಂತೈತೆ ಮೇಡಂ!" ಎಂದರು.

ಮೇಡಂ ತುಂಬ ಸೌಜನ್ಯದವರು. ನಗಲಿಲ್ಲ. "ನಶ್ಯ ಬಿಟ್ಟು ಒಂದು ತಿಂಗಳಾದ ಮೇಲೆ ಬನ್ನಿ ಸಾರ್, ಇನ್ನೊಂದ್ಸಲ ನೋಡೋಣ" ಎಂದರು. ಆಗುವುದಿಲ್ಲ ಎಂಬುದನ್ನು ದೊಡ್ಡವರಿಗೆ ಹೀಗೆಯೇ ತಾನೆ ಹೇಳುವುದು? ಮಾವನಿಗೆ ಮಾತ್ರ ಅದು ಸವಾಲಾಗಿ ಕೇಳಿಸಿತು.

ವಾಪಸು ಬರುವಾಗ ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತು, ಜೇಬಿನ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಕೇಳಿದರು.

"ಮೂರ್ನೇ ಮೂಗು ಸಿಗ್ದಿದ್ರೆ ನಿನ್ ಓದು ನಿಂತೋಯ್ತದಾ?"

"ಬೇರೆ ಮೂಗು ಹುಡುಕ್ತೀನಿ ಬಿಡಿ ಮಾವ."

"ಬೇರೆ ಮೂಗ್ಯಾಕೆ? ನಂದೇನ್ ಕುಯ್ಕೊಂಡ್ ಓಗೈತಾ?"

ಮನೆಗೆ ಬಂದವರೇ ಡಬ್ಬಿ ತೆಗೆದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಮೊದಲು ನಂಬಲಿಲ್ಲ. ಅಲ್ಲಾಡಿಸಿ ನೋಡಿದರು. ಖಾಲಿಯಿರಲಿಲ್ಲ. ತಕ್ಷಣ ಬೀರುವಿನಲ್ಲಿ ತಮ್ಮ ಬಳೆಗಳ ಪಕ್ಕ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಚಿನ್ನಕ್ಕಿಂತ ಇದಕ್ಕೇ ಇನ್ಮೇಲೆ ಕಳ್ಳರ ಕಾಟ ಜಾಸ್ತಿ" ಎಂದರು.

ಮರುದಿನದಿಂದ ಗಲ್ಲಿಯ ದಿನಚರಿ ಕೆಟ್ಟುಹೋಯಿತು. ಸೀನಿಲ್ಲದೆ ಯಾರಿಗೂ ಎಚ್ಚರವಾಗಲಿಲ್ಲ. ಬಸಣ್ಣನಿಗೆ ಶಿಫ್ಟು ತಪ್ಪಿತು. ಎದುರು ಮನೆಯವರು "ನಿಮ್ ಯಜಮಾನ್ರಿಗೆ ಉಷಾರಿಲ್ವಾ?" ಎಂದು ವಿಚಾರಿಸಲು ಬಂದರು. ಉಷಾರಿರಲಿಲ್ಲ, ನಿಜ. ಫ್ಯಾನಿನ ಮೇಲೆ ಸಿಟ್ಟು, ಟೀವಿಯಲ್ಲಿ ವಾರ್ತೆ ಓದುವವಳ ಮೇಲೆ ಸಿಟ್ಟು, ಮಹಡಿ ಮೆಟ್ಟಿಲು ಸದ್ದು ಮಾಡಿತೆಂದು ಮೆಟ್ಟಿಲ ಮೇಲೆ ಸಿಟ್ಟು. ಪಾಪ, ಅವರ ಹೆಬ್ಬೆರಳು ತೋರುಬೆರಳುಗಳಿಗೆ ವಿಷಯ ತಿಳಿಸಿದವರು ಯಾರು? ಅವು ತಮ್ಮಷ್ಟಕ್ಕೆ ಚಿಟಿಕೆ ಹಿಡಿಯುತ್ತಲೇ ಇದ್ದವು. ಒಂದು ದಿನ ಅಡುಗೆ ಮನೆಯಲ್ಲಿ ಎದುರಿಗೆ ಸಿಕ್ಕ ಡಬ್ಬಿಯಿಂದ ಚಿಟಿಕೆ ತೆಗೆದು ಏರಿಸಿಯೇಬಿಟ್ಟರು. ಸಾರಿನ ಪುಡಿ! ಕಣ್ಣಲ್ಲಿ ಮೂಗಲ್ಲಿ ಗಂಗೆ ಯಮುನೆ. ನಾವು ನೀರು ತಂದು ಮುಖಕ್ಕೆ ಎರಚುತ್ತಿದ್ದರೆ, "ಈ ಸಲ ಮೆಣ್ಸಿನಕಾಯಿ ಸರಿಯಾಗಿ ಉರ್ದಿಲ್ಲ ನೀನು" ಎಂದು ಅತ್ತೆಗೆ ತಪ್ಪು ತೋರಿಸಿದರು!

ಒಂದು ಸಂಜೆ ಹಾಲು ತರಲು ಅವರ ಜೊತೆ ಹೋಗಿದ್ದೆ. ಬೀಡಾ ಅಂಗಡಿಯವನು ರೂಢಿಯಂತೆ, ಕೇಳುವ ಮೊದಲೇ ನಶ್ಯದ ಪೊಟ್ಟಣ ತೆಗೆದು ಮುಂದೆ ಇಟ್ಟ. ಮಾವ ಅದನ್ನು ನೋಡಿದರು. ಊರು ಬಿಟ್ಟು ಹೋಗುವ ಮಗನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಬೆರಳ ತುದಿಯಿಂದ ಅದನ್ನು ಹಿಂದಕ್ಕೆ ತಳ್ಳಿ ಹೇಳಿದರು: "ಬ್ಯಾಡ ಕಣಪ್ಪ. ನಮ್ ಮೂಗು ಈಗ ಕಾಲೇಜಿಗೆ ಸೇರ್ಕೊಂಡೈತೆ."

ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ನಡುಮನೆಯಿಂದ ದೊಡ್ಡ ಕೂಗು ಕೇಳಿಸಿತು. "ಏನೋ ಬತ್ತೈತೆ! ಏನೋ ಬತ್ತೈತೆ!" ನಾನು ಸಿಲಿಂಡರ್ ಸೋರುತ್ತಿದೆಯೆಂದು ಓಡಿದೆ. ಮಾವ ಪೇಪರು ಬಿಸಾಕಿ, ಮೂಗು ಮುಂದೆ ಮಾಡಿಕೊಂಡು, ಗಾಳಿಯಲ್ಲಿ ದಾರ ಹಿಡಿದವರಂತೆ ನಡೆದು ಬಂದು ಒಲೆಯ ಮುಂದೆ ನಿಂತರು. ಒಲೆಯ ಮೇಲೆ ಉಪ್ಪಿಟ್ಟಿನ ಒಗ್ಗರಣೆ.

"ಇದೇನೇ ಇದು, ಇಂಗಾ?"

"ಹೂಂ, ಇಂಗೇ."

"ಉಪ್ಪಿಟ್ಗೆ ಇಂಗು ಆಕ್ತೀಯಾ ನೀನು?"

"ಮದ್ವೆಯಾಗಿ ಬಂದಾಗಿಂದ ಹಾಕ್ತಾ ಇದೀನಿ. ಈಗ ಕೇಳಿದ್ರಲ್ಲ, ಸಂತೋಷ!"

ಎರಡನೆಯ ಸಲ ಮೇಡಂ ಮುಂದೆ ಕೂತಾಗ ವಿನಿಗರ್ ಗುರುತಿಸಿದರು. ಲವಂಗ ಗುರುತಿಸಿದರು. ನೀರಿನ ಶೀಷೆ ಮೂಸಿ, "ಹೋದ್ಸಲ ಇದ್ರಲ್ಲಿ ಏನೋ ಇತ್ತು ಮೇಡಂ, ಈಗ ಹಾರೋಗೈತೆ" ಎಂದರು. ಮೇಡಂ ಆ ದಿನ ಮಾತ್ರ ನಕ್ಕುಬಿಟ್ಟರು. ನನಗೆ ಮೂರನೆಯ ಮೂಗು ಸಿಕ್ಕಿತು.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಆಫೀಸಿನ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಇಬ್ಬನಿ ಇಳಿದ ಬೆಳಗು, ಸಾಲು ಸಾಲು ಶೆಡ್ಡುಗಳು, ಗೇಟಿನ ಮುಂದೆ ಟೀ ಗಾಡಿಯ ಹಬೆ. ಮುಂದೆ ಮಾವ, ಹಿಂದೆ ಟೈಲರ್ ಅಕ್ಕ, ಬಸಣ್ಣ, ಕೊನೆಯಲ್ಲಿ ಹಾಳೆ ಹಿಡಿದ ನಾನು. ನಾಲ್ಕು ಜನ ಮೂಗು ಮೇಲೆತ್ತಿ ಹೋಗುತ್ತಿದ್ದರೆ ಜನ ನಿಂತು ಆಕಾಶ ನೋಡುತ್ತಿದ್ದರು, ವಿಮಾನವೇನಾದರೂ ಬರುತ್ತಿದೆಯೇ ಎಂದು!

ಮೊದಮೊದಲು ಮಾವನ ಅಂಕಗಳನ್ನು ಬರೆದುಕೊಳ್ಳುವುದೇ ತಲೆನೋವು. ಐದಕ್ಕಿಂತ ಮೇಲೆ ಕೊಡುವಂತಿಲ್ಲ ಎಂದು ಎಷ್ಟು ಹೇಳಿದರೂ ಚರಂಡಿಯ ಬಳಿ ನಿಂತು "ಬರ್ಕೊ, ಹನ್ನೊಂದು" ಎನ್ನುತ್ತಿದ್ದರು. ಯಾವ ಬಗೆಯ ವಾಸನೆ ಎಂದು ಕೇಳಿದರೆ ಟೈಲರ್ ಅಕ್ಕ "ರಬ್ಬರು" ಎನ್ನುವರು, ಬಸಣ್ಣ "ಪೇಂಟ್ ಐತ್ರಿ" ಎನ್ನುವನು. ಮಾವ ಮಾತ್ರ "ಮದುವೆ ಮನೆ ಖಾಲಿಯಾದ ಮಾರ್ನೇ ದಿನ ಒಂದು ನಾತ ಇರ್ತೈತಲ್ಲ, ಅದು" ಎನ್ನುವರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಬಿಸ್ಕತ್ತು ಬೇಯಿಸುವ ಒಂದು ಯೂನಿಟ್ಟಿನ ಬಳಿ ಬಂದಾಗ ಮಾತ್ರ ಸಂಶೋಧನೆಯ ಬಗ್ಗೆ ಅವರಿಗೆ ಎಲ್ಲಿಲ್ಲದ ಶ್ರದ್ಧೆ ಹುಟ್ಟುತ್ತಿತ್ತು. "ಇನ್ನೊಂದ್ಸಲ ನೋಡಾನ, ಅವಸರ ಮಾಡಿದ್ರೆ ವಿಜ್ಞಾನ ಕೆಡ್ತದೆ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಿದ್ದರು.

ಒಂದು ಭಾನುವಾರ ಯಾವುದೋ ಗೇಟಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದ ಮಾವನನ್ನು ಸೆಕ್ಯೂರಿಟಿಯವನು ಕೇಳಿದ.

"ಏನ್ ಬೇಕಿತ್ತು ಸಾರ್?"

"ವಾಸನೆ."

ಅವನು ಒಂದಿಷ್ಟೂ ಅಳುಕದೆ, "ಇವತ್ತು ರಜಾ ಸಾರ್, ಸೋಮವಾರ ಬನ್ನಿ" ಎಂದ!

ಮೂಗು ಹುರಿಗೊಂಡಂತೆಲ್ಲ ಅವರ ಅಹಂಕಾರವೂ ಬೆಳೆಯಿತು. ನೆಂಟರ ಮನೆಗೆ ಹೋದರೆ ಕೂರುವ ಮೊದಲೇ "ನಿಮ್ ಫ್ರಿಜ್ಜಲ್ಲಿ ಮೊನ್ನೆ ಹುಳಿ ಐತೆ" ಎನ್ನುತ್ತಿದ್ದರು. ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತ ಸಭ್ಯ ಮನುಷ್ಯನೊಬ್ಬನ ಭುಜ ತಟ್ಟಿ, "ಸಾಕ್ಸು ಒಗೀರಿ ಸಾರ್. ನಾಲ್ಕೂವರೆ" ಎಂದರು. ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿಗೆ ಹತ್ತಿದೆ. "ನಶ್ಯ ಇದ್ದಾಗ್ಲೇ ಮರ್ಯಾದೆಯಾಗಿದ್ರು" ಎಂದು ಅತ್ತೆ ಬೀರುವಿನ ಬೀಗದ ಕೈಯನ್ನು ಒಂದೆರಡು ಸಲ ಸೊಂಟದಿಂದ ತೆಗೆದು ನೋಡಿಕೊಂಡದ್ದೂ ಉಂಟು.

ಹೀಗೆ ನಗುತ್ತ ಬೈಯುತ್ತ ಕೆಲಸ ಮುಗಿಯುತ್ತ ಬಂತು. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪ್ರಬಂಧ ಬರೆದೆ, ವೈವಾ ಆಯಿತು, ಆನರ್ಸ್ ಸಿಕ್ಕಿತು, ಅಪ್ಪ ಮುಂದಿನ ಓದಿಗೆ ಅಡ್ಡ ಬರಲಿಲ್ಲ. ಆದರೆ ಆ ವರ್ಷದಲ್ಲಿ ನಾನು ಪ್ರಬಂಧದಲ್ಲಿ ಬರೆಯದೆ ಬಿಟ್ಟದ್ದು ಒಂದಿದೆ.

ಕೊನೆಯ ವಾರದ ಒಂದು ಸಂಜೆ. ಪ್ರೆಸ್ ಮಷಿನ್ನು, ಲೇತ್ ಮಷಿನ್ನುಗಳ ಶೆಡ್ಡುಗಳಿರುವ ರಸ್ತೆಯ ತುದಿಯಲ್ಲಿ ನಿಂತಿದ್ದೆವು. ಆ ಜಾಗದಲ್ಲಿ ಅದೇ ಮೊದಲ ಸಲ ಶಿಫ್ಟು ಬಿಡುವ ಹೊತ್ತಿಗೆ ನಿಂತದ್ದು. ಸೈರನ್ ಆಯಿತು. ಗೇಟು ತೆಗೆದು ಜನ ಹೊರಗೆ ಬಂದರು. ದಣಿದ ಮುಖಗಳು, ಕೈಯಲ್ಲಿ ಟಿಫಿನ್ ಬ್ಯಾಗು, ಕಪ್ಪು ಕಲೆಯ ಶರ್ಟುಗಳು. ಅವರು ನಮ್ಮನ್ನು ಹಾದು ಹೋಗುವಾಗ ಮಷಿನ್ನಿಗೆ ಹಾಕುವ ಎಣ್ಣೆ, ಸುಟ್ಟ ಕಬ್ಬಿಣ, ಬೆವರು ಎಲ್ಲ ಸೇರಿದ ಒಂದು ಕಮಟು ಗಾಳಿ ನಮ್ಮ ಮೇಲೆ ಬಂತು. ಟೈಲರ್ ಅಕ್ಕ ಸೆರಗು ಮೂಗಿಗೆ ಹಿಡಿದು "ಐದು" ಎಂದರು. ಬಸಣ್ಣ "ನಾಕ್ರಿ" ಎಂದ.

"ಮಾವ, ಎಷ್ಟು?"

ಅವರು ಹೋಗುವವರ ಬೆನ್ನುಗಳನ್ನೇ ನೋಡುತ್ತಿದ್ದರು.

"ಮಾವ, ಎಷ್ಟು ಬರೀಲಿ? ಯಾವ ವಾಸನೆ?"

"ನಂದು ಕಣವ್ವ" ಎಂದರು.

ನನಗೆ ಅರ್ಥವಾಗಲಿಲ್ಲ. ಮನೆಗೆ ನಡೆಯುವಾಗ ಉಳಿದಿಬ್ಬರನ್ನು ಮುಂದೆ ಬಿಟ್ಟು ಮೆಲ್ಲಗೆ ಹೇಳಿದರು. "ನಿಮ್ಮತ್ತೆ ನನ್ ಬಟ್ಟೆ ನೆನ್ಸಾಕೆ ಒಂದು ಬ್ಯಾರೆ ಬಕೆಟ್ ಇಟ್ಟಿದ್ಲು. ನನ್ ಬಟ್ಟೆ ಜೊತೆ ಇನ್ನೊಂದು ಬಟ್ಟೆ ಆಕ್ತಿರ್ಲಿಲ್ಲ. ಮದ್ವೆಯಾದ ಹೊಸದ್ರಲ್ಲಿ ನಂಗೆ ರೇಗೋಗಿ, ನಾನೇನ್ ಮುಟ್ಟಬಾರ್ದೋನಾ ಅಂತ ಆ ಬಕೆಟ್ಗೆ ಒದ್ದು ಒಡ್ದಾಕಿದ್ದೆ. ಅವ್ಳು ಒಂದ್ ಮಾತೂ ಆಡ್ಲಿಲ್ಲ. ಇನ್ನೊಂದು ಬಕೆಟ್ ತಂದಿಟ್ಕೊಂಡ್ಲು. ನಂಗೆ ಗೊತ್ತೇ ಆಗ್ತಿರ್ಲಿಲ್ಲವ್ವ. ನಶ್ಯ ಏರಿಸ್ಕೊಂಡೇ ಮನೆಗ್ ಬತ್ತಿದ್ದೆ."

ಮನೆಯಲ್ಲಿ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಾವ ಚಪ್ಪಲಿ ಬಿಟ್ಟವರೇ ಹೋಗಿ ಅವರ ಎದುರು ಕೂತರು. ತಾವೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಅತ್ತೆ ನನ್ನ ಮುಖ ನೋಡಿದರು. ಆ ಮನುಷ್ಯ ಅಂಥ ಕೆಲಸ ಮಾಡಿದ್ದನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

"ಏನೇ" ಎಂದರು ಮಾವ, ತಲೆಯೆತ್ತದೆ. "ನಾನು ದಿನಾ ಅಂಥ ನಾತ ಒಡೀತಾ ಮನೆಗ್ ಬತ್ತಿದ್ನಾ?"

ಅತ್ತೆಗೆ ಯಾವ ನಾತ, ಎಲ್ಲಿಯದು ಎಂದು ವಿವರಿಸಬೇಕಾಗಲಿಲ್ಲ.

"ಹೂಂ ಮತ್ತೆ" ಎಂದರು.

"ಒಂದಿನಾನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಕೆಲಸ ಬಿಡ್ತಿದ್ರಾ?"

ಅತ್ತೆ ಇನ್ನೆರಡು ಕಾಯಿ ಸುಲಿದು ಕಾಳು ಬಿಡಿಸಿದರು. ಆಮೇಲೆ, ಯಾರಿಗೋ ಅಡುಗೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು.

"ಆ ಪ್ರೆಸ್ ಮಷಿನ್ನಲ್ಲಿ ಇವತ್ತು ಅವರ ಬೆರಳು ಹೋಯ್ತಂತೆ, ನಾಳೆ ಇವರ ಕೈ ಹೋಯ್ತಂತೆ ಅಂತ ದಿನಾ ಕೇಳ್ತಿದ್ದೆ. ಸಂಜೆ ಆದ್ರೆ ಬಾಗ್ಲ ಹಿಂದೆ ನಿಂತ್ಕೊಂಡಿರ್ತಿದ್ದೆ. ನೀವು ಗೇಟ್ ತೆಗಿಯೋಕ್ ಮುಂಚೆ ಆ ವಾಸನೆ ಬರ್ತಿತ್ತು. ಬಂದ್ರಪ್ಪಾ, ನಡ್ಕೊಂಡು ಬಂದ್ರು ಅಂತ ಹೋಗಿ ಅನ್ನಕ್ಕೆ ಇಡ್ತಿದ್ದೆ."

ಮಾವ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡು ಕೂತರು. ನಾನು ಹಾಳೆಗಳನ್ನು ಎತ್ತಿಕೊಂಡು ಮಹಡಿಯ ಮೆಟ್ಟಿಲು ಹತ್ತಿದೆ.